ಮೊದಲು ಹಿಡಿದ ಕೈ

ಚಳಿ ಶಿವ ಶಿವಾ ಅನ್ನುತ್ತ ಹೋಗಿ ಬಿಸಿಲು ಇನ್ನೂ ಬಲಿಯದೆ ಇರುವ ದಿನಗಳಲ್ಲಿ ನಮ್ಮೂರಿನ ಜಗುಲಿಗಳೆಲ್ಲ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗುತ್ತವೆ. ಗಂಡಸರು ಮರ ಹತ್ತಿ ಕೊಂಬೆ ಅಲುಗಿಸುತ್ತಾರೆ, ನಾವು ಕೆಳಗೆ ಆಯ್ದು ಮನೆಗೆ ತರುತ್ತೇವೆ. ಆಮೇಲೆ ಓಡು ಬಿಡಿಸಬೇಕು, ನಾರು ಎಳೆಯಬೇಕು, ಕಲ್ಲಿನ ಮೇಲಿಟ್ಟು ಕೊಡತಿಯಲ್ಲಿ ಬಡಿದು ಬೀಜ ತೆಗೆಯಬೇಕು. ಸೂರ್ಯ ಹುಟ್ಟಿದಾಗಿನಿಂದ ಊರೆಲ್ಲ ಟಕ್ ಟಕ್ ಅನ್ನುತ್ತಿರುತ್ತದೆ. ಹೋದ ವರ್ಷ ಒಂದು ಬೆಳಿಗ್ಗೆ ನಾನೂ ಬಡಿಯುತ್ತಿದ್ದೆ. ಎದುರಿಗೆ ನನ್ನ ಓರಗಿತ್ತಿ ಸಿದ್ದಗಂಗಮ್ಮ. ಅವಳ ಪಕ್ಕದಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ತುಂಬು ಬಸುರಿ ನನ್ನ ಮಗಳು ಶೈಲ.

ನಾನು ಬಡಿದರೆ ಬೀಜ ಒಡೆದು ಹಣ್ಣಿನೊಳಗೆ ಸೇರಿಕೊಳ್ಳುತ್ತದೆ. ಗಂಗಮ್ಮ ಬಡಿದರೆ, ಬಡಿಯುವುದೇನು ಬಂತು, ಹಾಗೆ ಮುಟ್ಟಿದರೆ ಸಾಕು, ಬೀಜ ನೆಂಟರ ಮನೆಯಿಂದ ಹೊರಟ ಹಾಗೆ ಮರ್ಯಾದೆಯಾಗಿ ಹೊರಗೆ ಬರುತ್ತದೆ. ಶೈಲಳದೂ ಅದೇ ಥರ. ಇಬ್ಬರೂ ಕೊಡತಿ ಎತ್ತುವಾಗ ಕಿರುಬೆರಳು ಒಂದೇ ರೀತಿ ಮೇಲೇಳುತ್ತದೆ. ನಾಲ್ಕು ಕೈ, ಒಂದೇ ಹೆಂಗಸಿನ ಕೈ ಅನ್ನಬೇಕು. ನಾನು ಅದನ್ನ ನೋಡಬಾರದು ಅಂತ ತಲೆ ತಗ್ಗಿಸಿ ಬಡಿಯುತ್ತೇನೆ. ಹಾಗಾಗಿಯೇ ನನ್ನ ಹೆಬ್ಬೆರಳು ವರ್ಷಕ್ಕೊಂದು ಸಲ ಜಜ್ಜಿಹೋಗುತ್ತದೆ.

ನಮ್ಮೂರಲ್ಲಿ ಹುಟ್ಟಿದ ಮಗುವನ್ನ ಮೊದಲು ಯಾರು ಬರಿಗೈಯಲ್ಲಿ ಹಿಡಿಯುತ್ತಾರೋ ಅವರ ಕೈ ಮಗುವಿಗೆ ಬರುತ್ತದೆ. ಮುಖ ಅಪ್ಪನದಿರಲಿ, ಕೋಪ ಅಜ್ಜಿಯದಿರಲಿ, ಕೈ ಮಾತ್ರ ಹಿಡಿದವರದು. ನಾನು ಚಿಕ್ಕವಳಾಗಿದ್ದಾಗ ಊರಿಗೆಲ್ಲ ಒಬ್ಬಳೇ ಸೂಲಗಿತ್ತಿ, ಅವಳು ಎಡಚಿ. ನಮ್ಮೂರ ಅಂಗಡಿಯಲ್ಲಿ ಇವತ್ತಿಗೂ ಎಡಗೈ ಕುಡುಗೋಲು ಒಂದು ಕಡೆ, ಬಲಗೈಯದು ಇನ್ನೊಂದು ಕಡೆ ನೇತುಹಾಕಿರುವುದು ಅದಕ್ಕೇ. ನನ್ನನ್ನ ಮಾತ್ರ ಆ ಸೂಲಗಿತ್ತಿ ಬರುವುದರೊಳಗೆ ನಮ್ಮ ಸೋದರತ್ತೆ ಹಿಡಿದುಬಿಟ್ಟಳು. ಅವಳ ಕೈಯಲ್ಲಿ ಮಡಕೆ ನಿಂತದ್ದಿಲ್ಲ, ಬಿಂದಿಗೆ ನಿಂತದ್ದಿಲ್ಲ. ಅವಳ ಕೈ ನನಗೆ. ನಮ್ಮವರು ಮದುವೆಯಾದ ಹೊಸದರಲ್ಲೇ ಮನೆಯ ಮಣ್ಣಿನ ಸಾಮಾನೆಲ್ಲ ಸಂತೆಗೆ ಕೊಟ್ಟು ಹಿತ್ತಾಳೆ ತಂದಿಟ್ಟರು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಶೈಲ ಹುಟ್ಟಿದ ದಿನ ನನಗೆ ನೋವು ಬಂದದ್ದು ಹಿಟ್ಟು ನಾದುತ್ತಿರುವಾಗ. ಮನೆಯಲ್ಲಿ ಇದ್ದವಳು ಮದುವೆಯಾಗಿ ಬಂದು ಇನ್ನೂ ಕೈಯ ಅರಿಶಿನ ಮಾಸದ ಗಂಗಮ್ಮ. ಅವಳೇ ಹಿಡಿದಳು. ಎಲ್ಲರೂ ಹೇಳಿದರು, ಪುಣ್ಯ ಮಾಡಿದ್ದೆ ಜವನಮ್ಮ, ಎಂಥಾ ಕೈ ಸಿಕ್ತು ನಿನ್ನ ಮಗಳಿಗೆ ಅಂತ. ಹೌದು, ಪುಣ್ಯವೇ. ಆದರೆ ಮಗಳು ನನ್ನ ತಲೆಗೆ ಎಣ್ಣೆ ಹಚ್ಚಲು ಕೂತರೆ ನೆತ್ತಿಯ ಮೇಲೆ ಓಡಾಡುವುದು ಓರಗಿತ್ತಿಯ ಬೆರಳು. ಜ್ವರ ಬಂದಾಗ ಹಣೆ ಮುಟ್ಟಿ ನೋಡುವುದು ಓರಗಿತ್ತಿಯ ಅಂಗೈ. ಹೆತ್ತವಳು ನಾನು, ಅವಳು ನನ್ನನ್ನ ಮುಟ್ಟುವುದು ಇನ್ನೊಬ್ಬಳ ಕೈಯಿಂದ.

ಅದರ ಮೇಲೆ ಋಣ ಬೇರೆ. ಮಗುವನ್ನ ಹಿಡಿದವರಿಗೆ ಆ ಮಗುವಿನ ಕೈಯಿಂದ ಪ್ರತಿ ಸುಗ್ಗಿಯ ಮೊದಲನೆಯದು ಹೋಗಬೇಕು. ಮೊದಲ ರೊಟ್ಟಿ, ಮೊದಲ ಹೂವಿನ ಮಾಲೆ, ಹೊಸ ಹುಣಸೆಯ ಮೊದಲ ಉಂಡೆ. ತಿರುಗಿ ಆ ಮನೆಯದೊಂದು ಮಗುವನ್ನ ನಾವು ಹಿಡಿದರೆ ಋಣ ಹರಿಯುತ್ತದೆ. ಬೇರೆ ಮನೆಗಳಲ್ಲಿ ವರ್ಷ ತುಂಬುವುದರೊಳಗೆ ಹರಿದುಹೋಗುತ್ತದೆ, ಯಾರೂ ನೆನಪಿಡುವುದಿಲ್ಲ. ಗಂಗಮ್ಮನಿಗೆ ಮಕ್ಕಳಾಗಲಿಲ್ಲ. ಅವಳ ಮನೆಯಲ್ಲಿ ಹಿಡಿಯಲು ಮಗುವೇ ಇಲ್ಲ. ಹಾಗಾಗಿ ನಮ್ಮ ಋಣ ಹಾಗೇ ನಿಂತಿತು. ಪ್ರತಿ ಸಲ ಹುಣಸೆ ಬಂದಾಗ ಶೈಲ ಮೊದಲ ಉಂಡೆ ಮಾಡಿ, ಮೇಲೆ ಹರಳುಪ್ಪು ಉದುರಿಸಿ, ಮುತ್ತುಗದೆಲೆಯಲ್ಲಿಟ್ಟು ಪಕ್ಕದ ಬಾಗಿಲಿಗೆ ಹೋಗುತ್ತಾಳೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಉಂಡೆ ಕೊಡಲು ಹೋದವಳು ಹೊತ್ತು ಇಳಿದರೂ ಬರುವುದಿಲ್ಲ. ಅವರಿಬ್ಬರೂ ನಗುವುದು ಗೋಡೆಯಾಚೆಯಿಂದ ಕೇಳಿಸುತ್ತದೆ.

ಆ ಬೆಳಿಗ್ಗೆ ಶೈಲ ಬೀಜ ತೆಗೆಯುತ್ತ ತೆಗೆಯುತ್ತ, ಉಪ್ಪು ಕೊಡು ಅನ್ನುವಷ್ಟು ಸಲೀಸಾಗಿ ಹೇಳಿದಳು. "ಅವ್ವ, ಮಗೂನ ಚಿಕ್ಕವ್ವನೇ ಹಿಡೀಲಿ ಅಂತ ನಂಗೆ ಆಸೆ."

ನನ್ನ ಕೊಡತಿ ಹೆಬ್ಬೆರಳಿಗೇ ಬಿತ್ತು.

"ಮೊದಲು ಎಲ್ಲಿ ಹೆರೋದು ಅಂತ ತೀರ್ಮಾನ ಆಗ್ಲಿ," ಅಂದೆ. "ಊಟಕ್ಕೆ ಎಲೆ ಹಾಕದೆ ಪಾಯಸದ ಮಾತ್ಯಾಕೆ."

ಆ ತೀರ್ಮಾನ ನಿಜಕ್ಕೂ ಬಾಕಿ ಇತ್ತು. ಹೊಟ್ಟೆಯೊಳಗೆ ಮಗುವಿನ ಮಾಸು ಕೆಳಗೆ ಬಂದು ದಾರಿಗೆ ಅಡ್ಡ ಕೂತಿದೆ ಅಂತ ನಮ್ಮೂರ ಡಾಕ್ಟರಮ್ಮ ಹೇಳಿದ್ದರು. "ನೋವು ಬರೋವರೆಗೂ ಕಾಯೋ ಹಾಗಿಲ್ಲ. ದಿನ ಗೊತ್ತು ಮಾಡಿ ಕೊಯ್ದೇ ತೆಗೀಬೇಕು. ನನ್ನ ಹತ್ರ ಅದಕ್ಕೆ ಬೇಕಾದ್ದು ಇಲ್ಲ. ದಿಬ್ಬದ ಆಸ್ಪತ್ರೆ ಇದೆ, ಕೆರೆಕೋಡಿ ಆಸ್ಪತ್ರೆ ಇದೆ. ಎರಡನ್ನೂ ನೋಡ್ಕೊಂಡು ಬನ್ನಿ. ರಕ್ತ ಬೇಕಾಗಬಹುದು, ಅದನ್ನ ಕೇಳೋದು ಮರೀಬೇಡಿ," ಅಂದಿದ್ದರು.

ಹೆರಿಗೆ ತಾನಾಗಿ ಆದರೆ ಮಗು ಯಾರ ಕೈಗೆ ಬೀಳುತ್ತದೋ ಅದು ದೇವರಿಗೆ ಬಿಟ್ಟದ್ದು, ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ದಿನ ಗೊತ್ತು ಮಾಡಿ ಕೊಯ್ಯುವುದಾದರೆ ಹಿಡಿಯುವವರನ್ನೂ ಗೊತ್ತು ಮಾಡಬೇಕು. ನಮ್ಮೂರಲ್ಲಿ ಗದ್ದೆ ಬದುವಿಗಿಂತ ಹೆಚ್ಚು ಮನೆ ಒಡೆದಿರುವುದು ಈ ಆಪರೇಷನ್ನುಗಳಿಂದ. ಡಾಕ್ಟರ ಕೈಗೆ ರಬ್ಬರಿನ ಗವಸು ಇರುತ್ತದೆ, ಅದು ಲೆಕ್ಕಕ್ಕಿಲ್ಲ. ಅವರಿಂದ ಈಸಿಕೊಳ್ಳುವ ಮೊದಲ ಬರಿಗೈಯೇ ಕೈ. ದಿಬ್ಬದ ಆಸ್ಪತ್ರೆಯವರು ಈ ಜಗಳವೇ ಬೇಡ ಅಂತ ಮನೆಯವರನ್ನ ಒಳಗೆ ಬಿಡುವುದಿಲ್ಲ. ಅಲ್ಲಿ ಸುಗುಣ ಅಂತ ಒಬ್ಬ ಸಿಸ್ಟರ್ ಇದ್ದಾರೆ, ಎಲ್ಲ ಮಕ್ಕಳನ್ನೂ ಅವರೇ ಹಿಡಿಯುವುದು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ದಿಬ್ಬದಲ್ಲಿ ಹುಟ್ಟಿದ ಮಕ್ಕಳ ಕಾಪಿ ಪುಸ್ತಕ ಹೆಸರಿಲ್ಲದಿದ್ದರೆ ಯಾರದು ಯಾವುದು ಅಂತ ಮೇಷ್ಟರಿಗೇ ಗೊತ್ತಾಗುವುದಿಲ್ಲ. ಕೆರೆಕೋಡಿಯಲ್ಲಿ ಹಾಗಲ್ಲ, ಮನೆಯ ಒಬ್ಬ ಹೆಂಗಸನ್ನ ಕೈ ತೊಳೆಸಿ ಒಳಗೆ ಕೂರಿಸುತ್ತಾರೆ.

ದಿಬ್ಬದಲ್ಲಾದರೆ ಗಂಗಮ್ಮನೂ ಹೊರಗೇ. ಅಂದಮೇಲೆ ನನ್ನ ಮನಸ್ಸು ಯಾವ ಕಡೆ ಅಂತ ಬಿಡಿಸಿ ಹೇಳಬೇಕಿಲ್ಲ.

ಅಳಿಯ ಯೋಗೀಶ ಬಾಡಿಗೆಗೆ ಲಗೇಜ್ ಆಟೊ ಓಡಿಸುತ್ತಾನೆ. ಅದರಲ್ಲೇ ಹೊರಟೆವು. ಶೈಲ ಮುಂದೆ, ಗಂಗಮ್ಮನೂ ನಾನೂ ಹಿಂದೆ ಗೋಣಿಚೀಲ ಹಾಸಿಕೊಂಡು. ಗಂಗಮ್ಮ ಬರಲಿ ಅಂದವಳು ಶೈಲ. ನಾನು ಬೇಡ ಅನ್ನಲಿಲ್ಲ, ದಾರಿಯುದ್ದಕ್ಕೂ ಅವಳ ಕಡೆ ಬೆನ್ನು ಹಾಕಿ ಕೂತಿದ್ದೆ ಅಷ್ಟೆ.

ದಿಬ್ಬದ ಆಸ್ಪತ್ರೆ ಮದುವೆ ಮನೆಯ ಹಾಗೆ ಹೊಳೆಯುತ್ತಿತ್ತು. ನಾನು ಕಿಟಕಿಯ ಗಾಜು ಹೊಗಳಿದೆ, ಪರದೆ ಹೊಗಳಿದೆ, ಕೈ ತೊಳೆಯುವ ಬೇಸಿನ್ ಹೊಗಳಿದೆ. "ನೋಡೇ ಶೈಲ, ಒಂದು ಸೊಳ್ಳೆ ಇಲ್ಲ. ಮಗು ಅಕ್ಷರ ಹೆಂಗಿರುತ್ತೆ ಅಂತೀಯ. ನಾಳೆ ಅಮಲ್ದಾರ್ ಆದರೂ ಆಗಬೋದು."

"ಅಮಲ್ದಾರ್ರು ಸಹಿ ಒಂದೇ ಹಾಕೋದು ಕಣವ್ವ," ಅಂದಳು ಶೈಲ. "ಅದು ಯಾರಿಗೂ ಓದಕ್ಕಾಗಲ್ಲ."

ಗಂಗಮ್ಮ ಗಾಜು ನೋಡಲಿಲ್ಲ, ಪರದೆ ನೋಡಲಿಲ್ಲ. ಮೇಜಿನ ಹಿಂದೆ ಕೂತಿದ್ದ ಹುಡುಗಿಯ ಹತ್ತಿರ ಹೋಗಿ, "ತಾಯಿ, ರಕ್ತ ಇಲ್ಲೇ ಇಟ್ಟಿರ್ತೀರಾ?" ಅಂತ ಕೇಳಿದಳು.

"ಬೇಕಾದ್ರೆ ಗಾಡಿ ಕಳಿಸಿ ತರಿಸ್ತೀವಮ್ಮ."

"ಎಲ್ಲಿಂದ?"

"ಕೆರೆಕೋಡಿಯಿಂದ."

ಗಂಗಮ್ಮ ನನ್ನ ಮುಖ ನೋಡಿದಳು, ಶೈಲಳ ಹೊಟ್ಟೆ ನೋಡಿದಳು. ನಾನು ಪರದೆಯ ನೆರಿಗೆ ಸರಿಮಾಡುತ್ತ ನಿಂತೆ.

ಕೆರೆಕೋಡಿ ಆಸ್ಪತ್ರೆಯ ಗೋಡೆಗೆ ಸುಣ್ಣ ಕಂಡು ಎಷ್ಟು ಕಾಲವಾಗಿತ್ತೋ. ಬಾಗಿಲಲ್ಲೇ ಒಂದು ನಾಯಿ ಮಲಗಿತ್ತು, ದಾಟಿಕೊಂಡೇ ಹೋಗಬೇಕು. ಆದರೆ ರಕ್ತ ಇಡುವ ತಣ್ಣನೆ ಪೆಟ್ಟಿಗೆ ಇತ್ತು, ಮಕ್ಕಳ ಡಾಕ್ಟರು ಅಲ್ಲೇ ಹಿಂದಿನ ಮನೆಯಲ್ಲಿದ್ದರು. ಆಯಾ ಬೋರಮ್ಮ, ವಯಸ್ಸಾದವಳು, ಆಪರೇಷನ್ ಕೋಣೆಯ ಪಕ್ಕದ ಚಿಕ್ಕ ರೂಮು ತೋರಿಸಿದಳು. ಅಲ್ಲೊಂದು ಮಣೆ. ಎರಡು ಕೋಣೆಗೂ ನಡುವೆ ಅರ್ಧ ಬಾಗಿಲು.

"ಹಿಡಿಯೋರು ಇಲ್ಲಿ ಕೂರ್ಬೇಕು. ಒಬ್ಬರೇ. ಕೈ ತೊಳೆದ ಮೇಲೆ ತಲೆ ಕೆರ್ಕೊಳಂಗಿಲ್ಲ, ಸೆರಗು ಮುಟ್ಟಂಗಿಲ್ಲ. ಮಗು ಕೈಗೆ ಬಂದಮೇಲೆ ಯಾವ ಮನೆ ಮಗು ಅಂತ ನಾನು ಕೇಳ್ತೀನಿ. ನೀವು ಹೇಳಿದ್ದೇ ಕೊನೆ. ಮಗು ಕೈಮೇಲಿದ್ದಾಗ ಆಡಿದ ಮಾತು ಆಮೇಲೆ ತಿದ್ದಕ್ಕಾಗಲ್ಲ. ಹಿಂದೆ ಒಬ್ಬಳು ಗಾಬರೀಲಿ ತವರು ಮನೆ ಹೆಸರು ಹೇಳ್ಬಿಟ್ಟು ಆ ಮಗೂಗೆ ಈಗ ಎರಡೂ ಕಡೆ ಪಾಲು ಕೇಳ್ತಾವ್ರೆ," ಅಂದಳು ಬೋರಮ್ಮ. "ನಿಮ್ಮಲ್ಲಿ ಯಾರು ಕೂರೋದು?"

"ಇನ್ನೂ ಆಸ್ಪತ್ರೇನೇ ಗೊತ್ತಾಗಿಲ್ಲ," ಅಂದೆ.

ವಾಪಸು ಬರುವಾಗ ಕೆರೆ ಏರಿಯ ಮೇಲೆ ಹೊಂಗೆ ಮರದ ನೆರಳಲ್ಲಿ ಯೋಗೀಶ ಆಟೊ ನಿಲ್ಲಿಸಿದ. ಶೈಲ ನೀರು ಕುಡಿದು ಮರದ ಬುಡಕ್ಕೆ ಒರಗಿದಳು. "ಏನ್ಮಾಡಣ ಅತ್ತೆ?" ಅಂತ ಕೇಳಿದ ಅಳಿಯ. ಚೊಚ್ಚಲ ಹೆರಿಗೆ ತವರಿನದು, ಮಾತು ನನ್ನದು.

"ದಿಬ್ಬದ್ದು ಅಚ್ಚುಕಟ್ಟಾಗಿದೆಯಪ್ಪ," ಅಂದೆ. "ಇಲ್ಲಿ ನಾಯಿ ದಾಟ್ಕೊಂಡು ಹೋಗ್ಬೇಕು. ರಕ್ತ ಬೇಕಾಗಬಹುದು ಅಂದ್ರು, ಬೇಕೇಬೇಕು ಅನ್ನಲಿಲ್ಲವಲ್ಲ."

ಗಂಗಮ್ಮ ಹೊಂಗೆಯ ಎಲೆ ಒಂದನ್ನ ಎತ್ತಿಕೊಂಡು ಮಡಿಸುತ್ತಿದ್ದಳು. ಎಲೆ ಅವಳ ಕೈಯಲ್ಲಿ ತಾನಾಗಿ ಪುಟ್ಟ ದೊನ್ನೆ ಆಗುತ್ತಿತ್ತು. ಆ ಕೈ ಸುಮ್ಮನಿರಲಾರದು.

"ಅಕ್ಕ," ಅಂದಳು, "ಕೆರೆಕೋಡೀಗೇ ಹೋಗಣ. ನಾನು ಒಳಕ್ಕೆ ಬರಲ್ಲ. ಮಗೂನ ನೀನೇ ಹಿಡಿ."

"ಚಿಕ್ಕವ್ವ," ಅಂದಳು ಶೈಲ.

"ಸುಮ್ಕಿರೇ. ಅಜ್ಜಿ ಹಿಡಿಯೋದು ತಪ್ಪಾ? ಅಕ್ಕ ಹಿಡಿದ್ರೆ ನಾನು ಹಿಡಿದ ಹಾಗೇ."

ಅವಳಿಗೆ ಎಲ್ಲಾ ಗೊತ್ತಿತ್ತು. ನಾನು ಯಾಕೆ ಪರದೆ ಹೊಗಳಿದೆ, ಯಾಕೆ ನಾಯಿಯ ಮಾತೆತ್ತಿದೆ, ಎಲ್ಲಾ. ಗೊತ್ತಿದ್ದೂ ಒಂದು ಚುಚ್ಚುಮಾತು ಆಡಲಿಲ್ಲ. ಆಡಿದ್ದರೆ ನಾನೂ ಆಡಬಹುದಿತ್ತು, ಇಬ್ಬರೂ ಸಮವಾಗುತ್ತಿದ್ದೆವು. ಬಿಟ್ಟುಕೊಡುವುದರಲ್ಲೂ ಅವಳ ಕೈಯೇ ಮೇಲಾಯಿತು. ಆ ದೊನ್ನೆಯನ್ನ ಅವಳು ಶೈಲಳ ಕೈಗೆ ಕೊಟ್ಟಳು, ಶೈಲ ಅದರಲ್ಲಿ ನೀರು ಹುಯ್ದುಕೊಂಡು ಕುಡಿದಳು. ಒಂದು ಹನಿ ಸೋರಲಿಲ್ಲ. ಉಸಿರು ಬಿಟ್ಟರೆ ಏನಾದರೂ ಅಂದುಬಿಡುತ್ತೇನೆ ಅಂತ ನಾನು ಆಟೊ ಹತ್ತಿ ಕೂತೆ.

ಆವತ್ತಿನಿಂದ ನನಗೆ ಹೊಸ ಸಂಕಟ ಶುರುವಾಯಿತು. ಗೆದ್ದೆನಲ್ಲ, ಈಗ ನನ್ನ ಕೈ ಮಗುವಿಗೆ ಹೋಗುತ್ತದೆ. ಒಡಕು ಕೈ. ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡೆ, ಹುಣಸೆ ಮುಟ್ಟುವುದು ಬಿಟ್ಟೆ. ಯಾರೂ ಇಲ್ಲದಾಗ ಹೂ ಕಟ್ಟಿದೆ, ಮಾಲೆ ಅರ್ಧ ಆಗುವುದರಲ್ಲಿ ಹೂವೆಲ್ಲ ಮಡಿಲಲ್ಲಿ. ಕುಂಬಳಕಾಯಿಯನ್ನ ಟವಲಿನಲ್ಲಿ ಸುತ್ತಿ ಎತ್ತಿಕೊಂಡು ಅಂಗಳದಲ್ಲಿ ಓಡಾಡಿದೆ.

"ಏನವ್ವ, ಪರೀಕ್ಷೆಗೆ ಓದ್ಕೊಳ್ಳೋ ಥರ," ಅಂತ ಬಾಗಿಲಲ್ಲಿ ನಿಂತು ನಕ್ಕಳು ಶೈಲ.

"ನಿನ್ನ ಚಿಕ್ಕವ್ವನ ಹಾಗೆ ಹುಟ್ಟುತ್ತಲೇ ಪಾಸಾಗಿ ಬಂದವಳಲ್ಲ ನಾನು," ಅಂದೆ. ನಗಲು ಹೋದರೆ ಕುಂಬಳಕಾಯಿ ಜಾರಿತು. ಒಡೆದದ್ದನ್ನ ಆವತ್ತು ಹುಳಿ ಮಾಡಿದೆವು. ಗೋಡೆಯಾಚೆಗೂ ಒಂದು ಬಟ್ಟಲು ಹೋಯಿತು.

ಕೆರೆಕೋಡಿ ಡಾಕ್ಟರು ಸೋಮವಾರ ಗೊತ್ತುಮಾಡಿದರು. ಬೆಳಿಗ್ಗೆ ಹಸುವಿನ ಹಾಲು ಕರೆದು ನಮ್ಮವರ ಕೈಗೆ ಒಪ್ಪಿಸಿ ಹೊರಟೆವು. ನಾಯಿ ಅದೇ ಜಾಗದಲ್ಲಿತ್ತು, ಶೈಲ ಅದನ್ನ ಮಾತಾಡಿಸಿಕೊಂಡು ದಾಟಿದಳು. ಒಳಗೆ ಕರೆದುಕೊಂಡು ಹೋಗುವ ಮುಂಚೆ ಅವಳು ನನ್ನ ಕೈ ಹಿಡಿದಳು, ಆಮೇಲೆ ಗಂಗಮ್ಮನ ಕೈ ಹಿಡಿದಳು. ಗಂಗಮ್ಮನ ಕೈಯನ್ನ ಹೆಚ್ಚು ಹೊತ್ತು ಹಿಡಿದಿದ್ದಳು. ನಾನು ಎಣಿಸಲಿಲ್ಲ, ಆದರೂ ಗೊತ್ತಾಗುತ್ತದೆ.

ಬೋರಮ್ಮ ನನ್ನ ಕೈ ಉಜ್ಜಿ ಉಜ್ಜಿ ತೊಳೆಸಿ ಮಣೆಯ ಮೇಲೆ ಕೂರಿಸಿದಳು. ಅಂಗೈ ಮೇಲೆ ಮಾಡಿ ಮೊಣಕಾಲ ಮೇಲಿಟ್ಟುಕೊಂಡು ಕೂತೆ. ಭಿಕ್ಷೆಗೆ ಕೂತವಳ ಹಾಗೆ ಇತ್ತು. ಹೊರಬಾಗಿಲ ಹತ್ತಿರ ಗಂಗಮ್ಮ ಗೋಡೆ ಹಿಡಿದು ನಿಂತಿದ್ದಳು, ಅವಳ ಹಿಂದೆ ಯೋಗೀಶ. ಒಳಗೆ ಕತ್ತರಿ ಇಟ್ಟ ಶಬ್ದ, ತಟ್ಟೆಯ ಶಬ್ದ, ಡಾಕ್ಟರು ಸಣ್ಣ ದನಿಯಲ್ಲಿ ಏನೋ ಕೇಳುವುದು. ಆಮೇಲೆ ಮಗು ಅತ್ತಿತು.

ಅರ್ಧ ಬಾಗಿಲ ಮೇಲಿಂದ ಗವಸಿನ ಕೈಗಳು ಬಂದವು, ನನ್ನ ಬರಿಗೈ ಮೇಲೆ ಒದ್ದೆಯಾದ, ಬೆಚ್ಚನೆಯ, ಜಾರುವ ಒಂದು ಜೀವ ಇಟ್ಟವು. ಹೆಣ್ಣುಮಗು. ಜನ್ಮದಲ್ಲಿ ಜಾರುವಂಥದ್ದು ಯಾವುದೂ ನನ್ನ ಕೈಯಲ್ಲಿ ನಿಂತದ್ದಿಲ್ಲ. ಇದು ನಿಂತಿತು. ನಾನು ಅದರ ಕೈ ನೋಡಿದೆ. ಹೆಬ್ಬೆರಳು ಮೊಂಡು, ತುದಿ ಅಗಲ. ನನ್ನದು. ಯಾರು ನೋಡಿದರೂ ನನ್ನದು ಅನ್ನಬೇಕು. ಹೊರಬಾಗಿಲ ಕಡೆ ತಿರುಗಿ, ನೋಡೇ ಗಂಗಿ, ಅನ್ನಬೇಕು ಅಂತ ಬಾಯಿತನಕ ಬಂದಿತ್ತು.

ಅಷ್ಟರಲ್ಲಿ ಒಳಗೆ ಡಾಕ್ಟರ ದನಿ ಬದಲಾಯಿತು. "ಇನ್ನೊಂದು ತಗೊಂಬಾ. ಬೇಗ." ಒಬ್ಬ ಸಿಸ್ಟರ್ ನನ್ನ ಮುಂದಿನಿಂದಲೇ ಓಡಿಹೋಗಿ ರಕ್ತದ ಚೀಲ ತಂದಳು. ತಿರುಗಿ ಓಡಿ ಇನ್ನೊಂದು ತಂದಳು. ನಾನು ಎದ್ದು ಅರ್ಧ ಬಾಗಿಲಲ್ಲಿ ಬಗ್ಗಿ ನೋಡಿದೆ. ಶೈಲಳ ಮುಖ ಕಾಣಲಿಲ್ಲ. ಹಸಿರು ಬಟ್ಟೆಯ ಹೊರಗೆ ಒಂದು ಕೈ ಬಿದ್ದಿತ್ತು, ಸುಣ್ಣ ಬಳಿದ ಹಾಗೆ ಬೆಳ್ಳಗೆ. ಕಿರುಬೆರಳು ಮಾತ್ರ ಸ್ವಲ್ಪ ಮೇಲೆದ್ದಿತ್ತು, ಕೊಡತಿ ಎತ್ತುವಾಗ ಏಳುವ ಹಾಗೆ. ತಿರುಗಿ ನೋಡಿದರೆ ಹೊರಬಾಗಿಲ ಚೌಕಟ್ಟಿನ ಮೇಲೂ ಅದೇ ಕೈ, ಅದೇ ಕಿರುಬೆರಳು. ಗಂಗಮ್ಮ ಚೌಕಟ್ಟನ್ನ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವಳದೂ ಬೆಳ್ಳಗಾಗಿತ್ತು. ಈ ಎರಡು ಜೊತೆ ಕೈಯಲ್ಲಿ ಒಂದು ನಿಂತುಹೋದರೆ ಇನ್ನೊಂದನ್ನ ನಾನು ದಿನಾ ಹೇಗೆ ನೋಡಲಿ.

"ಯಾವ ಮನೆ ಮಗು?" ಅಂತ ಕೇಳಿದಳು ಬೋರಮ್ಮ. ಅವಳಿಗೆ ಅವಳ ಕೆಲಸ.

ಯೋಗೀಶನ ಮನೆ ಹೆಸರು ಹೇಳಬೇಕಿತ್ತು. ಋಣ ಇಟ್ಟುಕೊಂಡ ಜೀವ ಗಂಡಾಂತರದಲ್ಲಿ ನಿಲ್ಲಲಾರದು ಅಂತ ನಮ್ಮ ಕಡೆ ಒಂದು ಮಾತಿದೆ, ಅದು ಆ ಗಳಿಗೆಯಲ್ಲಿ ನನ್ನ ಕಿವಿಯಲ್ಲಿ ಕೂಗಿತು. ಋಣ ಹರಿಯಬೇಕಾದರೆ ಗಂಗಮ್ಮನ ಮನೆಯದೊಂದು ಮಗು ನನ್ನ ಕೈಯಲ್ಲಿರಬೇಕು. ನನ್ನ ಕೈಯಲ್ಲಿ ಮಗು ಇತ್ತು.

"ಸಿದ್ದಗಂಗಮ್ಮನ ಮನೆ ಮಗು," ಅಂದೆ.

"ಯಾರದು?" ಬೋರಮ್ಮ ಮತ್ತೆ ಕೇಳಿದಳು.

"ಗಂಗಮ್ಮನ ಮಗಳ ಮಗು. ಜವನಮ್ಮ ಹಿಡಿದಿದ್ದಾಳೆ. ಹಿಡಿದದ್ದಕ್ಕೆ ಹಿಡಿದದ್ದು ಸರಿಹೋಯ್ತು."

ಚೌಕಟ್ಟಿನ ಮೇಲಿನ ಕೈ ಸಡಿಲವಾಯಿತು. ಗಂಗಮ್ಮ ನಿಂತಲ್ಲೇ ಕೂತಳು. ಯೋಗೀಶನ ಕಣ್ಣೆಲ್ಲ ಒಳಗಿನ ಬಾಗಿಲ ಮೇಲಿತ್ತು.

ನಾನು ದೊಡ್ಡ ಮನಸ್ಸು ಮಾಡಿದೆ ಅಂತ ಊರಲ್ಲಿ ಹೇಳುತ್ತಾರೆ. ಹೇಳಲಿ. ಅರ್ಧ ಭಯಕ್ಕೆ ಹೇಳಿದ್ದು. ಇನ್ನರ್ಧ, ಆ ಗಳಿಗೆಯಲ್ಲೂ ನನಗೆ ಗೊತ್ತಿತ್ತು, ಋಣ ಹರಿದರೆ ಇನ್ನು ಮುತ್ತುಗದೆಲೆ ಆ ಬಾಗಿಲಿಗೆ ಹೋಗಬೇಕಿಲ್ಲ ಅಂತ.

ರಕ್ತ ನಿಂತಿತು. ಡಾಕ್ಟರು ಹೊರಗೆ ಬಂದು ಗವಸು ಕಳಚುತ್ತ, "ಚೀಲ ಪಕ್ಕದಲ್ಲೇ ಇದ್ದದ್ದು ಒಳ್ಳೇದಾಯ್ತು. ಯಾರು ಇಲ್ಲಿಗೆ ಬರೋಣ ಅಂದಿದ್ದು?" ಅಂತ ಕೇಳಿದರು. ಯೋಗೀಶ ಗಂಗಮ್ಮನ ಕಡೆ ಕೈ ತೋರಿಸಿದ. ನೋಡಿ, ಅದೂ ಅವಳ ಪಾಲಿಗೇ ಹೋಯಿತು.

ಸಂಜೆ ಶೈಲ ಕಣ್ಣು ಬಿಟ್ಟಾಗ ಗಂಗಮ್ಮ ಮಂಚದ ಆ ಕಡೆ, ನಾನು ಈ ಕಡೆ. ಗಂಗಮ್ಮ ಮಗುವಿನ ಬೆರಳು ಬಿಡಿಸಿ ನೋಡಿದಳು. "ನಿನ್ನದೇ ಅಕ್ಕ," ಅಂದಳು. "ಮೊಂಡು ಹೆಬ್ಬೆಟ್ಟು." ಬೆರಳನ್ನ ಮತ್ತೆ ಮಡಿಸಿ, "ಋಣ ತೀರ್ತು ಹಂಗಾರೆ," ಅಂದಳು. ಅಳುತ್ತಿರಲಿಲ್ಲ. ಮಡಿಲಲ್ಲಿದ್ದ ತನ್ನ ಕೈ ಎರಡನ್ನೂ ನೋಡಿಕೊಂಡಳು, ಸಂತೆ ಮುಗಿದ ಮೇಲೆ ಖಾಲಿ ಕುಕ್ಕೆ ನೋಡಿಕೊಳ್ಳುತ್ತಾರಲ್ಲ, ಹಾಗೆ.

"ತೀರ್ತು," ಅಂದೆ.

ಈಗ ಮತ್ತೆ ಚಳಿ ಹೋಗಿದೆ, ಜಗುಲಿಯ ಮೇಲೆ ಹುಣಸೆ ಬಂದಿದೆ. ಬಾಣಂತನ ಮುಗಿಸಿ ಹೋಗಿದ್ದ ಶೈಲ ಸುಗ್ಗಿಗೆ ಅಂತ ಬಂದಿದ್ದಾಳೆ. ಮಗು ನನ್ನ ಕಾಲ ಮೇಲೆ ಕೂತು ಹುಣಸೆಬೀಜ ಹಿಡಿಯುತ್ತದೆ, ಬೀಳಿಸುತ್ತದೆ. ಎತ್ತಿ ಕೊಡುತ್ತೇನೆ, ಬೀಳಿಸುತ್ತದೆ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಬಾಗಿಲು ತೆರೆದಿತ್ತು, ಆದರೆ ಗಂಗಮ್ಮ ಈ ಸಲ ತನ್ನ ಕಲ್ಲನ್ನ ತನ್ನ ಜಗುಲಿಯಲ್ಲೇ ಹಾಕಿಕೊಂಡಿದ್ದಳು. ಕರೆಯದೆ ಬರುವ ಹಕ್ಕು ಇನ್ನಿಲ್ಲ ಅಂದುಕೊಂಡಳೋ ಏನೋ. ನಾನೂ ಕರೆದಿರಲಿಲ್ಲ.

ಶೈಲ ಮೊದಲ ಹಿಡಿ ಹಣ್ಣು ತೆಗೆದು ಉಂಡೆ ಕಟ್ಟಿದಳು. ಹರಳುಪ್ಪು ಉದುರಿಸಿದಳು. ಒಳಗೆ ಹೋಗಿ ಮುತ್ತುಗದೆಲೆ ತಂದಳು.

"ಎಲ್ಲಿಗೇ?" ಅಂದೆ. "ಋಣ ತೀರ್ತಲ್ಲ. ಮಗು ಕೈಮೇಲಿಟ್ಕೊಂಡು ಹೇಳಿದ್ದೀನಿ ನಾನು."

"ತೀರ್ತು ಕಣವ್ವ. ಹೋದ ವರ್ಷದವರೆಗೂ ಕೊಡಬೇಕು ಅಂತ ಕೊಡ್ತಿದ್ದೆ," ಅಂದಳು ಶೈಲ, ಎಲೆಗೆ ಕಡ್ಡಿ ಚುಚ್ಚುತ್ತ. "ಇದು ಸುಮ್ನೆ."

ಅವಳು ಹೋದಳು. ಗೋಡೆಯಾಚೆ ಕೊಡತಿಯ ಶಬ್ದ ನಿಂತಿತು. ನಾನು ಕಿವಿಗೊಟ್ಟು ಕೂತೆ. ಆಮೇಲೆ ಇಬ್ಬರೂ ನಕ್ಕರು. ಮಗು ಬೀಜ ಬೀಳಿಸಿ ನನ್ನ ಮುಖ ನೋಡಿತು. ಎತ್ತಿ ಅದರ ಮೊಂಡು ಬೆರಳ ನಡುವೆ ಇಟ್ಟೆ. ಮತ್ತೆ ಬೀಳಿಸಿತು.